ತಿಪ್ಪೆಯ ಮೇಲಿನ ಹೆಸರು, ಮತಪತ್ರದ ಮೇಲಿನ ಹೆಸರು

2024ರ ನವೆಂಬರ್. ನಾನಿರುವ ಇಟಲಿಯ ಪೆರೂಜದಲ್ಲಿ ಚಳಿ ಆಗಷ್ಟೇ ಕಚ್ಚಲು ಶುರು ಮಾಡಿತ್ತು. ಉಂಬ್ರಿಯ ಪ್ರಾಂತ್ಯಕ್ಕೆ ಚುನಾವಣೆ ಬಂದಿತ್ತು. ಇಲ್ಲಿ ಚುನಾವಣೆ ಬಂದರೆ ರಸ್ತೆ ಬದಿಯಲ್ಲಿ ತಗಡಿನ ಹಲಗೆಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಪೋಸ್ಟರ್ ಅಂಟಿಸುವುದು ಅದರ ಮೇಲೆ. ಮಗಳನ್ನು ಶಿಶುವಿಹಾರಕ್ಕೆ ಬಿಟ್ಟು ಬಸ್ಸಿಗೆ ಕಾಯುವಾಗ ದಿನಾ ಒಂದೇ ಹೆಸರು ಕಣ್ಣಿಗೆ ಬೀಳುತ್ತಿತ್ತು. ಪ್ರೊಯೆತ್ತಿ. ಪಕ್ಕದ ಅಸ್ಸೀಸಿಯ ಮೇಯರ್ ಆಗಿದ್ದ ಸ್ತೆಫಾನಿಯ ಪ್ರೊಯೆತ್ತಿ ಪ್ರಾಂತ್ಯದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದರು. ಎದುರಿಗೆ ಆಗಿನ ಅಧ್ಯಕ್ಷೆ ದೊನತೆಲ್ಲ ತೆಸೆಯಿ. ಇಬ್ಬರ ರಾಜಕೀಯದ ಬಗ್ಗೆ ಈ ಬರಹ ಅಲ್ಲ. ನನ್ನನ್ನು ಕಾಡಿದ್ದು ಆ ಹೆಸರು. ಪ್ರೊಯೆತ್ತಿ ಅಂದರೆ ಎಸೆದವರು. ಬಿಸಾಡಿದವರು. ಹೆತ್ತವರು ಬಿಟ್ಟುಹೋದ ಕೂಸುಗಳನ್ನು ರೋಮ್ ಸುತ್ತಮುತ್ತ ದಾಖಲೆ ಪುಸ್ತಕದಲ್ಲಿ ಹೀಗೆ ಬರೆದುಕೊಳ್ಳುತ್ತಿದ್ದರು. ಬರೆದದ್ದೇ ಹೆಸರಾಯಿತು. ಹೆಸರೇ ಮನೆತನವಾಯಿತು. ಈಗ ಆ ಹೆಸರಿನವರು ಇಲ್ಲಿ ಸಾವಿರಾರು ಜನ. ಡಾಕ್ಟರು, ಬೇಕರಿಯವರು, ಬಸ್ ಡ್ರೈವರು ಎಲ್ಲರೂ ಇದ್ದಾರೆ. ಅಭ್ಯರ್ಥಿಯ ಮನೆಯ ಹಳೆಯ ಕಥೆ ಕೆದಕುವುದು ನನ್ನ ಉದ್ದೇಶ ಖಂಡಿತ ಅಲ್ಲ. ಆದರೂ ಅಷ್ಟು ದಪ್ಪ ಅಕ್ಷರದಲ್ಲಿ ಆ ಪದ ನೋಡಿದಾಗಲೆಲ್ಲ ಒಳಗೆ ಏನೋ ಚುರ್ ಅನ್ನುತ್ತಿತ್ತು.

ಸೋಮವಾರ ಮಧ್ಯಾಹ್ನ ಮೂರಕ್ಕೆ ಮತದಾನ ಮುಗಿಯಿತು. ಸಂಜೆ ಕೆಳಗಿನ ಮನೆಯ ಅಜ್ಜಿಯ ಅಡುಗೆಮನೆಯಲ್ಲಿ ಟಿವಿ ಹಾಕಿತ್ತು. ಅವರನ್ನು ನಾನು ಸಿನ್ಯೋರಾ ಅಂತಲೇ ಕರೆಯೋದು, ಮನಸ್ಸಿನಲ್ಲಿ ಮಾತ್ರ ಅಜ್ಜಿ. ಒಲೆಯ ಮೇಲೆ ದಪ್ಪ ಹೆಂಚು ಕಾಯುತ್ತಿತ್ತು. ಈ ಕಡೆ ಅದರ ಮೇಲೆ ಒಂದು ರೊಟ್ಟಿ ಸುಡುತ್ತಾರೆ, ತೊರ್ತ ಅಲ್ ತೆಸ್ತೊ ಅಂತ. ಬೆರಳಿನಷ್ಟು ದಪ್ಪ, ಅಲ್ಲಲ್ಲಿ ಕಪ್ಪು ಚುಕ್ಕೆ, ನಾಲ್ಕು ಭಾಗ ಮಾಡಿ ಒಳಗೆ ಸೊಪ್ಪು ತುಂಬಿ ಕೊಡುತ್ತಾರೆ. ಟಿವಿಯಲ್ಲಿ ಪ್ರೊಯೆತ್ತಿ ಗೆದ್ದರು ಎಂಬ ಸುದ್ದಿ ಬಂತು. ನಾನು ತಡೆಯಲಾರದೆ ಕೇಳಿಯೇಬಿಟ್ಟೆ. "ಸಿನ್ಯೋರಾ, ಪ್ರೊಯೆತ್ತಿ ಅಂದ್ರೆ ಏನರ್ಥ ಗೊತ್ತಾ?" ಅವರು ಹಿಟ್ಟಿನ ಕೈ ಹಾಗೇ ಎತ್ತಿ ಹಿಡಿದು ನನ್ನನ್ನೇ ನೋಡಿದರು. "ಅರ್ಥ ಏನು ಬಂತು? ನಮ್ಮ ಅತ್ತೆ ಪ್ರೊಯೆತ್ತಿ. ಈ ರೊಟ್ಟಿ ನನಗೆ ಕಲಿಸಿದ್ದು ಅವರೇ" ಅಂದರು. ಆ ಮಾತು ಅಲ್ಲಿಗೆ ಮುಗಿಯಿತು. ಆದರೆ ನನಗೆ ಮುಗಿಯಲಿಲ್ಲ.

ಕೌಂಟರಿನಲ್ಲಿ ಅಪ್ಪ

ನನಗೆ ಈ ಹೆಸರುಗಳ ಹುಚ್ಚು ಹತ್ತಿದ್ದು ಇಲ್ಲಿಗೆ ಬಂದ ಮೊದಲ ತಿಂಗಳಲ್ಲಿ. ವಿಳಾಸ ನೋಂದಾಯಿಸಲು ಒಂದು ಸರ್ಕಾರಿ ಕಚೇರಿಗೆ ಹೋಗಿದ್ದೆ. ನಮ್ಮ ಕಡೆಯ ಎಷ್ಟೋ ಜನರ ಹಾಗೆ ನನಗೂ ಸರ್‌ನೇಮ್ ಅಂತ ಏನೂ ಇರಲಿಲ್ಲ. ಶಾಲೆಯಲ್ಲಿ ಹೆಸರಿನ ಹಿಂದೆ ಒಂದು ಇನಿಷಿಯಲ್, ಅಷ್ಟೇ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಬೇಕು ಅಂದರು. ಸರ್‌ನೇಮ್ ಜಾಗಕ್ಕೆ ಅಪ್ಪನ ಹೆಸರು ಹೋಗಿ ಕೂತಿತು. ಊರಿನಲ್ಲಿ ಅದು ಎಲ್ಲೂ ಬಳಕೆಗೆ ಬರಲಿಲ್ಲ, ಹಾಗಾಗಿ ಮರೆತೂ ಹೋಗಿತ್ತು. ಆ ದಿನ ಬೆಂಚಿನ ಮೇಲೆ ಕೂತು ನನ್ನ ಸರದಿ ಕಾಯುತ್ತಿದ್ದೆ. ಒಳಗಿಂದ ಒಬ್ಬ ಹೆಂಗಸು ಜೋರಾಗಿ ಕೂಗಿದರು. "ಸಿನ್ಯೋರ್ ತಿಪ್ಪೇಸ್ವಾಮಿ!"

ನಾನು ಏಳಲಿಲ್ಲ. ಅದು ನನ್ನ ಹೆಸರು ಅಂತ ಹೊಳೆಯಲೇ ಇಲ್ಲ. ಅಪ್ಪ ತೀರಿಕೊಂಡು ಆಗ ಎರಡು ವರ್ಷ. ಅವರನ್ನು ಯಾರೂ ಕೂಗದೇ ಎರಡು ವರ್ಷ. ಈ ದೇಶದಲ್ಲಿ, ಈ ಕಲ್ಲಿನ ಕಟ್ಟಡದಲ್ಲಿ, ಗುರುತು ಪರಿಚಯ ಇಲ್ಲದ ಒಬ್ಬರು ಅಪ್ಪನನ್ನು ಕರೆಯುತ್ತಿದ್ದಾರೆ ಅನ್ನಿಸಿ ಸುಮ್ನೆ ಆ ಕಡೆ ತಿರುಗಿ ನೋಡಿದೆ. ಅವರು ಇನ್ನೊಮ್ಮೆ ಕೂಗಿದರು. ಆಗ ಒಂದು ವಿಷಯ ಕಿವಿಗೆ ಬಿತ್ತು. ಅವರು ಒತ್ತಕ್ಷರವನ್ನು ಪೂರ್ತಿಯಾಗಿ, ತಿಪ್ಪೆ ಅಂತ, ನಮ್ಮ ಅಜ್ಜಿ ಹೇಳುವ ಹಾಗೆಯೇ ಹೇಳಿದ್ದರು. ಇಂಗ್ಲಿಷಿನವರ ಬಾಯಲ್ಲಿ ಆ ಒತ್ತು ಯಾವತ್ತೂ ನಿಲ್ಲುವುದಿಲ್ಲ, ತಿಪೆ ಆಗಿಬಿಡುತ್ತದೆ. ಇಟಾಲಿಯನ್ನರಿಗೆ ಒತ್ತಕ್ಷರ ಸಹಜ. ಅವರ ಮಾತಿನಲ್ಲೇ ಇದೆ. ಅಜ್ಜಿಗೆ ನೊನ್ನ ಅನ್ನುವವರು, ಅಪ್ಪನಿಗೆ ಬಬ್ಬೊ ಅನ್ನುವವರು ಅಲ್ವಾ. ನಾನು ಎದ್ದು ಕೌಂಟರಿಗೆ ಹೋದೆ. ಮಾತು ಬರಲಿಲ್ಲ. ಪಾಸ್‌ಪೋರ್ಟ್ ಮುಂದಕ್ಕೆ ತಳ್ಳಿದೆ.

ಇಲ್ಲಿ ಪ್ರತಿಯೊಬ್ಬರಿಗೂ ಒಂದು ತೆರಿಗೆ ಸಂಖ್ಯೆ ಇರುತ್ತದೆ. ಅಕ್ಷರ, ಅಂಕಿ ಸೇರಿ ಹದಿನಾರು. ಡಾಕ್ಟರ ಹತ್ತಿರ ಹೋಗಲಿ, ಮೊಬೈಲ್ ಸಿಮ್ ತಗೊಳ್ಳಲಿ, ಅದನ್ನೇ ಕೇಳುತ್ತಾರೆ. ಅದನ್ನು ಕಟ್ಟುವ ರೀತಿ ಚೆನ್ನಾಗಿದೆ. ಮೊದಲ ಮೂರು ಅಕ್ಷರ ಸರ್‌ನೇಮಿನ ವ್ಯಂಜನಗಳು. ಮುಂದಿನ ಮೂರು ಸ್ವಂತ ಹೆಸರಿನವು. ಆಮೇಲೆ ಹುಟ್ಟಿದ ವರ್ಷ, ತಿಂಗಳು, ದಿನ. ಹೆಂಗಸರಾದರೆ ದಿನಕ್ಕೆ ನಲವತ್ತು ಕೂಡಿಸುತ್ತಾರೆ. ಕೊನೆಯ ಹತ್ತಿರ ಹುಟ್ಟಿದ ಜಾಗ. ಭಾರತದಲ್ಲಿ ಹುಟ್ಟಿದವರೆಲ್ಲರಿಗೂ ಝಡ್ 222. ನನ್ನ ಸಂಖ್ಯೆ ಟಿ, ಪಿ, ಪಿ ಅಂತ ಶುರುವಾಗುತ್ತದೆ. ಅಪ್ಪನ ಹೆಸರಿನ ಬೆನ್ನುಮೂಳೆ ಅದು. ಆ ಹೆಸರು ಅಪ್ಪನಿಗೆ ಹೇಗೆ ಬಂತು ಅಂತ ಆಮೇಲೆ ಹೇಳುತ್ತೇನೆ. ಅವತ್ತಿನಿಂದ ಒಂದು ಅಭ್ಯಾಸ ಅಂಟಿಕೊಂಡಿತು. ಯಾರ ಹೆಸರು ಕೇಳಿದರೂ ಇದನ್ನು ಮೊದಲು ಬರೆದವರು ಯಾರಿರಬಹುದು, ಯಾವ ಕೌಂಟರಿನಲ್ಲಿ, ಯಾವ ಮನಸ್ಸಿನಲ್ಲಿ ಬರೆದಿರಬಹುದು ಅಂತ ಯೋಚಿಸುವುದು. ರಾಜಕಾರಣಿಗಳ ಹೆಸರಂತೂ ಎಲ್ಲಿ ನೋಡಿದರೂ ಕಾಣುತ್ತವೆ. ಹಾಗಾಗಿ ಅವುಗಳಿಂದಲೇ ಜಾಸ್ತಿ ಕಲಿತೆ.

ಅರ್ಧ ಪದಕ

ಬಹಳಷ್ಟು ಹೆಸರುಗಳು ತೊಂದರೆ ಕೊಡುವುದಿಲ್ಲ. ತೊಸ್ಕಾನ ಪ್ರಾಂತ್ಯದ ಅಧ್ಯಕ್ಷರಾಗಿದ್ದ ಎನ್ರಿಕೊ ರೊಸ್ಸಿಯ ಹೆಸರಿನ ಅರ್ಥ ಕೆಂಪು. ಕೆಂಚು ಕೂದಲಿನ ಯಾವುದೋ ಮುತ್ತಜ್ಜನಿಂದ ಬಂದಿರುವ ಹೆಸರು, ನಮ್ಮ ಕೆಂಚಪ್ಪನ ಹಾಗೆ. ಲೊಂಬಾರ್ದಿಯದ ಫೊಂತಾನ ಅಂದರೆ ನೀರಿನ ಬುಗ್ಗೆ. ಕಂಪಾನಿಯದ ಫಿಕೊ ಅಂದರೆ ಅಂಜೂರ. ಕಲಾಬ್ರಿಯದ ಅಧ್ಯಕ್ಷರಾಗಿದ್ದ ಸ್ಕೊಪೆಲ್ಲೀತಿಯ ಹೆಸರಿನ ಬಾಲದಲ್ಲಿ ಗ್ರೀಕ್ ಇದೆ. ಇಂಥ ಊರಿನವನು ಅಂತ ಹೇಳುವ ಗ್ರೀಕ್ ಪ್ರತ್ಯಯ ಅದು. ಆ ತುದಿಯಲ್ಲಿ ಒಂದು ಕಾಲಕ್ಕೆ ಜನ ಗ್ರೀಕ್ ಮಾತಾಡುತ್ತಿದ್ದರು, ಕೆಲವು ಹಳ್ಳಿಗಳಲ್ಲಿ ವಯಸ್ಸಾದವರು ಈಗಲೂ ಮಾತಾಡುತ್ತಾರೆ. ಇವೆಲ್ಲ ಓದಿ ಸಂತೋಷಪಡುವ ಹೆಸರುಗಳು.

ಕಾಡುವುದು ಬಿಟ್ಟುಹೋದ ಕೂಸುಗಳ ಹೆಸರು. ಪ್ರೊಯೆತ್ತಿ ಒಂದೇ ಅಲ್ಲ. ನೇಪಲ್ಸ್ ಕಡೆ ಎಸ್ಪೊಸಿತೊ, ಅಂದರೆ ಹೊರಗೆ ಇಟ್ಟದ್ದು. ಬೊಲೊಞದಲ್ಲಿ ಅದೇ ದೆಲ್ಯಿ ಎಸ್ಪೋಸ್ತಿ ಆಯಿತು. ಸಿಸಿಲಿಯಲ್ಲಿ ತ್ರೊವಾತೊ, ಅಂದರೆ ಸಿಕ್ಕಿದ್ದು. ಮಿಲಾನಿನಲ್ಲಿ ಕೊಲೊಂಬೊ, ಅಂದರೆ ಪಾರಿವಾಳ. ಅಲ್ಲಿನ ದೊಡ್ಡ ಆಸ್ಪತ್ರೆಯ ಗುರುತು ಪಾರಿವಾಳ, ಅದು ಸಾಕಿದ ಮಕ್ಕಳೆಲ್ಲ ಪಾರಿವಾಳಗಳಾದರು. ಫ್ಲಾರೆನ್ಸಿನಲ್ಲಿ ಇನೊಚೆಂತಿ, ಏನೂ ಅರಿಯದವರು. ದಿಯೊತಲ್ಲೇವಿ ಅಂತ ಒಂದಿದೆ. ದೇವರು ನಿನ್ನ ಸಾಕಲಿ ಅಂತ ಅರ್ಥ. ಅದನ್ನು ಕೇಳಿದಾಗ ನಮ್ಮ ಸಾಕಮ್ಮ ನೆನಪಾದಳು. ಒಂದೇ ಹಾರೈಕೆ, ಎರಡು ಊರು. ಬರೆದ ಸನ್ಯಾಸಿನಿಯೋ ಗುಮಾಸ್ತನೋ ಆ ಕೂಸಿನ ಮುಖ ನೋಡಿಯೇ ಬರೆದಿದ್ದಾರೆ ಅನ್ನಿಸುತ್ತದೆ. ಎಸೆದದ್ದು ಅಂತ ಬರೆಯುವ ಕೈಗೂ ದೇವರು ಸಾಕಲಿ ಅಂತ ಬರೆಯುವ ಕೈಗೂ ಎಷ್ಟು ವ್ಯತ್ಯಾಸ!

ಇನೊಚೆಂತಿ ಎಂಬ ಹೆಸರು ಕೊಟ್ಟ ಫ್ಲಾರೆನ್ಸಿನ ಅನಾಥಾಲಯ ಈಗಲೂ ಇದೆ. ವಾಸ್ತುಶಿಲ್ಪಿ ಬ್ರುನೆಲ್ಲೆಸ್ಕಿ ಕಟ್ಟಿದ ಕಮಾನುಗಳ ಸಾಲು. 1445ರ ಫೆಬ್ರವರಿ 5ರಂದು ಅಲ್ಲಿಗೆ ಮೊದಲ ಮಗು ಬಂತು. ಹೆಣ್ಣುಮಗು. ಅವತ್ತು ಸಂತ ಆಗತಳ ಹಬ್ಬ. ಹಾಗಾಗಿ ಆಗತ ಅಂತ ಹೆಸರಿಟ್ಟರು, ಜೊತೆಗೆ ಸ್ಮೆರಾಲ್ದ, ಅಂದರೆ ಪಚ್ಚೆ. ಆಗತ ಸ್ಮೆರಾಲ್ದ. ಬಿಟ್ಟುಹೋದ ಕೂಸಿಗೆ ಪಚ್ಚೆಯ ಹೆಸರು! ಬೇರೆ ಊರುಗಳಲ್ಲಿ ಗೋಡೆಯೊಳಗೆ ಮರದ ತಿರುಗುವ ಗೂಡು ಇರುತ್ತಿತ್ತು. ಹೊರಗಿನಿಂದ ಕೂಸನ್ನಿಟ್ಟು ತಿರುಗಿಸಿದರೆ ಒಳಗಿನವರ ಕೈಗೆ ಬರುತ್ತದೆ. ಇಟ್ಟವರ ಮುಖ ಯಾರಿಗೂ ಕಾಣುವುದಿಲ್ಲ. ಫ್ಲಾರೆನ್ಸಿನಲ್ಲಿ ಕಮಾನಿನ ಎಡತುದಿಗೆ ಕಬ್ಬಿಣದ ಸರಳಿನ ಕಿಟಕಿ ಇದೆ. ಸರಳುಗಳ ನಡುವೆ ಎಳೆಗೂಸು ಮಾತ್ರ ತೂರುವಷ್ಟು ಜಾಗ. ಆ ಕಿಟಕಿಯನ್ನು 1875ರಲ್ಲಿ ಮುಚ್ಚಿದರು. ನೇಪಲ್ಸಿನ ಗೂಡೂ ಅದೇ ವರ್ಷ ನಿಂತಿತು. ಅಂದರೆ ಇದು ತೀರಾ ಹಳೆಯ ಕಾಲದ ಮಾತಲ್ಲ. ಕೆಳಗಿನ ಮನೆಯ ಅಜ್ಜಿಯ ಅತ್ತೆಯ ಅಜ್ಜನ ಕಾಲ.

ಒಳಗಿನ ಮ್ಯೂಸಿಯಂನಲ್ಲಿ ಒಂದು ಗೋಡೆಯ ತುಂಬ ಚಿಕ್ಕ ಚಿಕ್ಕ ಡ್ರಾಯರುಗಳು. ನೂರಕ್ಕೂ ಜಾಸ್ತಿ. ಪ್ರತಿಯೊಂದರ ಮೇಲೆ ಒಂದು ಮಗುವಿನ ಹೆಸರು. ನಮ್ಮೂರಿನ ಗ್ರಂಧಿಗೆ ಅಂಗಡಿಯಲ್ಲಿ ಬೇರು ನಾರು ಇಡುವ ಡ್ರಾಯರುಗಳ ಹಾಗೆಯೇ. ನೋಡಲು ಬಂದವರು ಎಳೆದು ತೆಗೆಯಬಹುದು. ನಾನು ಒಂದನ್ನು ತೆಗೆದೆ. ಒಳಗೆ ಗಾಜಿನ ಕೆಳಗೆ ಅರ್ಧ ಪದಕ. ಒಡೆದದ್ದಲ್ಲ, ಕತ್ತರಿಸಿದ್ದು. ಕತ್ತರಿಸಿದ ಅಂಚು ಇನ್ನೂ ಚೂಪಾಗಿತ್ತು. ಪದಕದ ಮೇಲಿನ ಸಂತನ ಮುಖ ಸರಿಯಾಗಿ ಮೂಗಿನ ಮೇಲೆ ಎರಡಾಗಿತ್ತು. ಇನ್ನರ್ಧ ಅಮ್ಮನ ಹತ್ತಿರ. ಮುಂದೆ ಎಂದಾದರೂ ಕಾಲ ಚೆನ್ನಾದರೆ ಬಂದು, ಎರಡೂ ಅರ್ಧ ಜೋಡಿಸಿ ತೋರಿಸಿ, ಇದು ನನ್ನ ಮಗು ಅಂತ ಕೇಳಬಹುದು. ಇನ್ನೊಂದು ಡ್ರಾಯರಿನಲ್ಲಿ ಬಟ್ಟೆಯ ಚೂರು, ಮತ್ತೊಂದರಲ್ಲಿ ದಾರಕ್ಕೆ ಪೋಣಿಸಿದ ಮಣಿ. ಎಲ್ಲವೂ ಅರ್ಧ. ಅರ್ಧ ಇಲ್ಲೇ ಉಳಿದಿದೆ ಅಂದರೆ ಆ ಅಮ್ಮ ಬರಲಿಲ್ಲ ಅಂತ ಅರ್ಥ. ಡ್ರಾಯರ್ ಮುಚ್ಚಲು ನನ್ನ ಕೈ ಬರಲಿಲ್ಲ. ಹಿಂದಿದ್ದವರು ಕಾಯುತ್ತಿದ್ದರು, ಮುಚ್ಚಿದೆ. ಇಟಾಲಿಯನ್ನಿನಲ್ಲಿ ಮ್ಯೂಸಿಯಂನಲ್ಲಿ ನೋಡಲು ಇಟ್ಟ ವಸ್ತುವಿಗೂ ಎಸ್ಪೋಸ್ತೊ ಅಂತಲೇ ಹೇಳುತ್ತಾರೆ. ಹೊರಗೆ ಇಟ್ಟದ್ದು. ಆ ಫಲಕ ಓದಿದಾಗ ಕೂಸು ಮತ್ತು ಪದಕ ಎರಡಕ್ಕೂ ಒಂದೇ ಪದ ಅಂತ ಹೊಳೆದು ಸ್ವಲ್ಪ ಹೊತ್ತು ಅಂಗಳದಲ್ಲಿ ಹೋಗಿ ಕೂತೆ.

ಈಗಿನ ಕಾನೂನಿನಲ್ಲಿ ಒಂದು ಸಾಲಿದೆ. ತಂದೆ ತಾಯಿ ಯಾರು ಅಂತ ಗೊತ್ತಿಲ್ಲದ ಮಗುವಿಗೆ, ಅದು ಗೊತ್ತಾಗುವಂಥ ಹೆಸರನ್ನಾಗಲೀ ಸರ್‌ನೇಮನ್ನಾಗಲೀ ಇಡಬಾರದು. ಊರಿನ ಪ್ರಸಿದ್ಧ ಮನೆತನದ ಹೆಸರನ್ನೂ ಇಡಬಾರದು. ಅಂದರೆ ಗುರುತು ಹಾಕಿ ಅವಮಾನಿಸಬೇಡಿ, ಸುಳ್ಳು ದೊಡ್ಡಸ್ತಿಕೆಯನ್ನೂ ಹೊರಿಸಬೇಡಿ. ಸಾಮಾನ್ಯ ಹೆಸರು ಕೊಡಿ, ಬದುಕಲು ಬಿಡಿ. ಕಾನೂನಿನ ಪುಸ್ತಕದಲ್ಲಿ ಇಂಥ ಕರುಣೆಯ ಸಾಲನ್ನು ನಾನು ಜಾಸ್ತಿ ಓದಿಲ್ಲ.

ಅಪ್ಪ ಅಮ್ಮ ಬರೆದದ್ದು

ಸರ್‌ನೇಮ್ ಯಾರೋ ಬರೆದದ್ದಾದರೆ ಮುಂದಿನ ಹೆಸರು ಮನೆಯವರು ಬರೆದದ್ದು. ಇದರಲ್ಲಿ ಈ ದೇಶದ ರಾಜಕೀಯ ಪೂರ್ತಿ ಕಾಣುತ್ತದೆ. ರೊಮಾಞ ಪ್ರದೇಶ ಅಂತ ಇದೆ, ಬೊಲೊಞದಿಂದ ಸಮುದ್ರದ ಕಡೆಗೆ. ಅಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಗೆ ಸಮಾಜವಾದಿಗಳು, ಅರಾಜಕತಾವಾದಿಗಳು, ರಾಜ ಬೇಡ ಅನ್ನುವವರು ತುಂಬಿಕೊಂಡಿದ್ದರು. ಸಂತರ ಹೆಸರು ಬೇಡ ಅಂತ ಮಕ್ಕಳಿಗೆ ಲಿಬೆರೊ, ರಿಬೆಲ್ಲೆ, ಸ್ಪಾರ್ತಕೊ, ಅತೆಯೊ ಅಂತೆಲ್ಲ ಇಟ್ಟರು. ಸ್ವತಂತ್ರ, ಬಂಡಾಯಗಾರ, ಸ್ಪಾರ್ಟಕಸ್, ನಾಸ್ತಿಕ. ಪ್ರೆದಾಪ್ಪಿಯೊ ಎಂಬ ಹಳ್ಳಿಯಲ್ಲಿ 1883ರಲ್ಲಿ ಒಬ್ಬ ಸಮಾಜವಾದಿ ಕಮ್ಮಾರ ತನ್ನ ಮಗನಿಗೆ ಮೂರು ಹೆಸರು ಇಟ್ಟ. ಮೆಕ್ಸಿಕೋದ ಬೆನಿತೊ ಹುವಾರೆಸ್ ನೆನಪಿಗೆ ಬೆನಿತೊ, ಕ್ರಾಂತಿಕಾರಿ ಅಮಿಲ್ಕರೆ ಚಿಪ್ರಿಯಾನಿ ನೆನಪಿಗೆ ಅಮಿಲ್ಕರೆ, ಸಮಾಜವಾದಿ ನಾಯಕ ಅಂದ್ರೆಯ ಕೊಸ್ತ ನೆನಪಿಗೆ ಅಂದ್ರೆಯ. ಆ ಮಗನೇ ಮುಸ್ಸೊಲಿನಿ. ಅಪ್ಪ ಇಟ್ಟ ಹೆಸರು ಒಂದು ಕಡೆ, ಮಗ ನಡೆದ ದಾರಿ ಇನ್ನೊಂದು ಕಡೆ. ಹೆಸರಿಡುವವರ ಆಸೆಗೆ ಮಗು ಜವಾಬ್ದಾರ ಅಲ್ಲ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ನನಗೆ ತುಂಬ ಇಷ್ಟವಾದ ಹೆಸರು ದಕ್ಷಿಣದ ಪೂಲ್ಯದ್ದು. 2005ರಿಂದ 2015ರವರೆಗೆ ಅಲ್ಲಿ ಅಧ್ಯಕ್ಷರಾಗಿದ್ದವರು ನಿಕಿ ವೆಂದೊಲ. ದಾಖಲೆಯಲ್ಲಿ ನಿಕೊಲ. ಬಾರಿ ಊರಿನ ಕಾಯುವ ದೇವರು ಸಂತ ನಿಕೊಲ. ಅವನ ಮೂಳೆಗಳನ್ನು 1087ರಲ್ಲಿ ನಾವಿಕರು ಅಲ್ಲಿಗೆ ತಂದರು ಅಂತ ಊರಿಗೆ ಊರೇ ಹೇಳುತ್ತದೆ. ಆ ಕಡೆ ಮನೆಗೊಬ್ಬ ನಿಕೊಲ. ವೆಂದೊಲರ ಅಪ್ಪ ಅಮ್ಮ ಚರ್ಚಿಗೂ ಹೋಗುವವರು, ಕಮ್ಯುನಿಸ್ಟರೂ ಹೌದು. ಹುಟ್ಟಿದ್ದು 1958ರಲ್ಲಿ. ಆಗ ಮಾಸ್ಕೋದಲ್ಲಿ ನಿಕಿತ ಕ್ರುಶ್ಚೇವ್. ದೇವರಿಗೆ ನಿಕೊಲ, ಕ್ರುಶ್ಚೇವನಿಗೆ ನಿಕಿ. ಒಂದೇ ಮಗುವಿನ ಹೆಸರಿನಲ್ಲಿ ಇಬ್ಬರಿಗೂ ಜಾಗ ಮಾಡಿಕೊಟ್ಟಿದ್ದಾರೆ. ಇದರಲ್ಲಿ ನನಗೆ ಯಾವ ವಿರೋಧವೂ ಕಾಣುವುದಿಲ್ಲ. ಮಗು ಬದುಕಲಿ, ಜೊತೆಗೆ ಜಗತ್ತೂ ಒಳ್ಳೆಯದಾಗಲಿ ಅಂತ ಬಯಸುವವರು ಎರಡು ಕಡೆಯೂ ಕೈ ಮುಗಿಯುತ್ತಾರೆ. ನಮ್ಮ ಉಂಬ್ರಿಯದಲ್ಲೂ 2010ರಿಂದ 2019ರವರೆಗೆ ಕತ್ಯುಶ ಮರೀನಿ ಅಧ್ಯಕ್ಷೆಯಾಗಿದ್ದರು. ಕತ್ಯುಶ ಅಂದರೆ ರಷ್ಯನ್ನರು ಎಕಟೆರಿನಳನ್ನು ಮುದ್ದಿನಿಂದ ಕರೆಯುವ ಹೆಸರು. ಎರಡನೇ ಮಹಾಯುದ್ಧದಲ್ಲಿ ಫ್ಯಾಸಿಸ್ಟರ ವಿರುದ್ಧ ಹೋರಾಡಿದ ಇಟಲಿಯ ಪಾರ್ಟಿಜಾನರು ಅದೇ ಹೆಸರಿನ ರಷ್ಯನ್ ಹಾಡಿನ ಧಾಟಿಗೆ ತಮ್ಮ ಮಾತು ಕೂಡಿಸಿ ಬೆಟ್ಟಗಳಲ್ಲಿ ಹಾಡುತ್ತಿದ್ದರು. (ಉಂಬ್ರಿಯ 2000ದಿಂದ ಈಚೆಗೆ ಚುನಾವಣೆಯಲ್ಲಿ ಆರಿಸಿದ ಅಧ್ಯಕ್ಷರೆಲ್ಲ ಹೆಂಗಸರೇ. ಲೊರೆಂಜ್ಜೆತ್ತಿ, ಮರೀನಿ, ತೆಸೆಯಿ, ಪ್ರೊಯೆತ್ತಿ. ಇದನ್ನು ಇಲ್ಲಿ ಯಾರೂ ದೊಡ್ಡದು ಮಾಡಿ ಹೇಳುವುದಿಲ್ಲ, ನನಗೆ ಹೇಳಬೇಕು ಅನ್ನಿಸಿತು.)

ದಕ್ಷಿಣದಲ್ಲಿ ಇನ್ನೊಂದು ಪದ್ಧತಿ ಇದೆ, ಅದು ಪೂರ್ತಿ ನಮ್ಮದೇ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು. ನಾಲ್ಕು ಜನ ಅಣ್ಣತಮ್ಮಂದಿರು ಇದ್ದರೆ ನಾಲ್ಕು ಮನೆಯಲ್ಲೂ ಒಂದೇ ಹೆಸರಿನ ಮೊಮ್ಮಗ. ಹಾಗಾಗಿ ಕರೆಯುವ ಹೆಸರು ಬೇರೆ ಬೇಕು. ಸಿಸಿಲಿಯ ಅಧ್ಯಕ್ಷರಾಗಿದ್ದ ಮುಸುಮೇಚಿಯ ಹೆಸರು ಸೆಬಾಸ್ತ್ಯಾನೊ, ಎಲ್ಲರಿಗೂ ನೆಲ್ಲೊ. ಅವರಿಗಿಂತ ಹಿಂದಿನ ಕುಫ್ಫಾರೊ ಹೆಸರು ಸಲ್ವತೋರೆ, ಎಲ್ಲರಿಗೂ ತೊತೊ. ನಮ್ಮಲ್ಲಿ ಕಾರಣ ಸ್ವಲ್ಪ ಬೇರೆ. ಸೊಸೆ ಮಾವನ ಹೆಸರು ಹೇಳುವ ಹಾಗಿಲ್ಲ. ಹಾಗಾಗಿ ತಾತನ ಹೆಸರಿನ ಮಗುವನ್ನು ಪುಟ್ಟ ಅಂತಲೋ ಅಪ್ಪಿ ಅಂತಲೋ ಕರೆದು, ಆ ಹೆಸರೇ ಕೊನೆತನಕ ನಿಲ್ಲುತ್ತದೆ. ಇಲ್ಲಿ ಅಭ್ಯರ್ಥಿಗಳ ಪಟ್ಟಿಯಲ್ಲೇ ಇಂಥವರು, ಕರೆಯುವ ಹೆಸರು ಇಂಥದ್ದು ಅಂತ ಅಚ್ಚು ಹಾಕಬಹುದು. ಅದಕ್ಕೆ ಕಾರಣವಿದೆ. ಪ್ರಾಂತ್ಯದ ಚುನಾವಣೆಯಲ್ಲಿ ಅಧ್ಯಕ್ಷರ ಹೆಸರು ಮತಪತ್ರದಲ್ಲಿ ಅಚ್ಚಾಗಿರುತ್ತದೆ. ಆದರೆ ಸದಸ್ಯರಲ್ಲಿ ಇಂಥವರೇ ಬೇಕು ಅಂದರೆ ಮತದಾರರು ಪಕ್ಷದ ಗುರುತಿನ ಪಕ್ಕದ ಗೆರೆಯ ಮೇಲೆ ಅವರ ಹೆಸರನ್ನು ತಮ್ಮ ಕೈಯಾರೆ ಬರೆಯಬೇಕು. ಅದಕ್ಕೆ ಬೇರೆಯದೇ ಪೆನ್ಸಿಲ್ ಕೊಡುತ್ತಾರೆ, ಅಳಿಸಿದರೆ ಹೋಗದ್ದು. ಅಜ್ಜಿ ಮತ ಹಾಕಿ ಬಂದಾಗ ಬೆರಳಿನ ತುದಿಯಲ್ಲಿ ಆ ಸೀಸದ ಬಣ್ಣ ಸ್ವಲ್ಪ ಇತ್ತು. ಒಂದು ಕಾಲದಲ್ಲಿ ಗುಮಾಸ್ತನೊಬ್ಬ ಬರೆದ ಹೆಸರನ್ನು ಈಗ ಊರಿನವರು ತಾವಾಗಿ, ಬೇಕು ಅಂತ, ಬರೆಯುತ್ತಾರೆ. ನನಗೆ ಇಲ್ಲಿ ಮತ ಇಲ್ಲ. ಶಾಲೆಯ ಕಾರಿಡಾರಿನಲ್ಲಿ ಅಜ್ಜಿಯ ಕೋಟು ಹಿಡಿದುಕೊಂಡು ನಿಂತಿದ್ದೆ.

ತಿದ್ದಿದ ಹೆಸರುಗಳು

ಹೆಸರು ಬರೆಯುವುದಕ್ಕಿಂತ ಕೆಟ್ಟದ್ದು ತಿದ್ದುವುದು. ಮೊದಲ ಮಹಾಯುದ್ಧ ಮುಗಿದ ಮೇಲೆ ಆಸ್ಟ್ರಿಯದ ಕೈಯಲ್ಲಿದ್ದ ಉತ್ತರದ ಬೆಟ್ಟಗಳು, ತ್ರಿಯೆಸ್ತೆ ಬಂದರು ಇಟಲಿಗೆ ಬಂದವು. ಅಲ್ಲಿ ಜರ್ಮನ್, ಸ್ಲೊವೇನಿಯನ್ ಮಾತಾಡುವ ಜನ. ಫ್ಯಾಸಿಸ್ಟ್ ಸರ್ಕಾರ 1926ರಲ್ಲಿ ಆ ಬೆಟ್ಟಗಳ ತ್ರೆಂತೊ ಕಡೆಗೆ ಒಂದು ಆದೇಶ ತಂದಿತು. 1927ರಲ್ಲಿ ಅದನ್ನೇ ತ್ರಿಯೆಸ್ತೆ ಕಡೆಗೂ ಹಬ್ಬಿಸಿತು. ಸರ್‌ನೇಮುಗಳನ್ನು ಇಟಾಲಿಯನ್ ರೂಪಕ್ಕೆ ಮರಳಿಸುವುದು ಅಂತ ಆ ಆದೇಶಕ್ಕೆ ಹೆಸರು. ಮರಳಿಸುವುದು ಅನ್ನುವ ಆ ಪದ ನೋಡಿ. ಮೂಲದಲ್ಲಿ ನಿಮ್ಮದು ನಮ್ಮ ಹೆಸರೇ ಆಗಿತ್ತು, ನಡುವೆ ಕೆಟ್ಟುಹೋಗಿದೆ, ಈಗ ನಾವು ಸರಿಮಾಡಿ ವಾಪಸ್ ಕೊಡುತ್ತಿದ್ದೇವೆ ಅಂತ. ಕಿತ್ತುಕೊಳ್ಳುವುದನ್ನೇ ಕೊಡುವುದು ಅಂತ ಕರೆದರು. ಸ್ಲೊವೇನಿಯನ್ನಿನಲ್ಲಿ ವೊದೊಪೀವೆತ್ಸ್ ಅಂದರೆ ನೀರು ಕುಡಿಯುವವನು. ಅದನ್ನು ಬೆವಿಲಾಕ್ವ ಮಾಡಿದರು, ಅರ್ಥ ಅದೇ. ಕೆಲವರ ಹೆಸರಿಗೆ ಬಾಲ ಕತ್ತರಿಸಿದರು. ಗೋರಿಕಲ್ಲಿನ ಮೇಲೂ ಬೇರೆ ಭಾಷೆ ಇರಕೂಡದು ಅಂದರು.

ಆ ಗಡಿಯ ರಾಜಕಾರಣಿಗಳ ಹೆಸರುಗಳು ಈ ಹುಚ್ಚಿಗೆ ಒಳ್ಳೆಯ ಉತ್ತರ. ಜರ್ಮನ್ ಮಾತಾಡುವ ದಕ್ಷಿಣ ತಿರೋಲಿಗೆ ಸ್ವಾಯತ್ತತೆ ಗಳಿಸಿಕೊಟ್ಟವರು ಸಿಲ್ವಿಯುಸ್ ಮಞಾಗೊ. ಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡವರು. 1960ರಿಂದ 1989ರವರೆಗೆ ಅಲ್ಲಿನ ಅಧ್ಯಕ್ಷರು. ಜರ್ಮನ್ನರ ಆ ನಾಯಕನ ಸರ್‌ನೇಮ್ ಅಚ್ಚ ಇಟಾಲಿಯನ್. ಮಿಲಾನಿನ ಹತ್ತಿರ ಮಞಾಗೊ ಅಂತ ಊರೇ ಇದೆ. ಅವರ ಅಪ್ಪ ಇಟಾಲಿಯನ್ ಮಾತಿನವರು, ಅಮ್ಮ ಆಸ್ಟ್ರಿಯದವರು. ಇನ್ನು ತ್ರಿಯೆಸ್ತೆ ಇರುವ ಫ್ರಿಯೂಲಿ ಪ್ರಾಂತ್ಯಕ್ಕೆ 2003ರಿಂದ 2008ರವರೆಗೆ ‘ಇಲ್ಲಿ’ ಎಂಬ ಸರ್‌ನೇಮಿನ ರಿಕ್ಕಾರ್ದೊ ಅಧ್ಯಕ್ಷರಾಗಿದ್ದರು. ಕಾಫಿ ಡಬ್ಬದ ಮೇಲೆ ನೋಡುವ ಅದೇ ‘ಇಲ್ಲಿ’ (Illy). ಅದು ಹಂಗೇರಿಯ ಹೆಸರು. ಅವರ ತಾತ ಫೆರೆಂಟ್ಸ್ ಹುಟ್ಟಿದ್ದು ಈಗಿನ ರುಮೇನಿಯದ ತಿಮಿಶೊವಾರದಲ್ಲಿ. ತ್ರಿಯೆಸ್ತೆಗೆ ಬಂದು ಫ್ರಾಂಚೆಸ್ಕೊ ಆದರು, 1933ರಲ್ಲಿ ಕಾಫಿ ಕಂಪನಿ ಕಟ್ಟಿದರು. ಮುಂದಿನ ಹೆಸರು ಬದಲಾಯಿತು, ಹಿಂದಿನದು ನಿಂತಿತು. ಶುದ್ಧ ಮಾಡಹೊರಟ ನೆಲದಲ್ಲೇ ಎಲ್ಲವೂ ಬೆರೆತಿತ್ತು.

ಯುದ್ಧ ಮುಗಿದ ಮೇಲೆ ಹಳೆಯ ಹೆಸರನ್ನು ವಾಪಸ್ ಪಡೆಯಲು ದಾರಿ ತೆರೆಯಿತು. 1999ರ ಭಾಷಾ ಅಲ್ಪಸಂಖ್ಯಾತರ ಕಾನೂನಿನಲ್ಲೂ ಅದಕ್ಕೆ ಒಂದು ವಿಧಿ ಇದೆ. ಕೆಲವರು ಪಡೆದರು. ಕೆಲವರು ಅಷ್ಟು ಹೊತ್ತಿಗೆ ಹೊಸ ಹೆಸರಿನಲ್ಲೇ ಮದುವೆಯಾಗಿ, ಮನೆ ಕಟ್ಟಿ, ಅಪ್ಪನನ್ನು ಮಣ್ಣು ಮಾಡಿ ಆಗಿತ್ತು. ಇಲ್ಲೇ ನನ್ನ ಯೋಚನೆ ಬಹಳ ದಿನ ಸಿಕ್ಕಿಹಾಕಿಕೊಂಡಿತ್ತು. ವೊದೊಪೀವೆತ್ಸ್ ಮನೆಯವರು ಹೆಸರನ್ನು ವಾಪಸ್ ಕೇಳಿದರೆ ಅದು ನ್ಯಾಯ. ಹಾಗಾದರೆ ಪ್ರೊಯೆತ್ತಿ ಮನೆಯವರು ಆ ಹೆಸರನ್ನು ಕಿತ್ತೆಸೆಯದೇ ಇರುವುದು? ಅದು ಮರೆವಾ? ನಾನು ಮೊದಲು ಮರೆವು ಅಂದುಕೊಂಡಿದ್ದೆ. ಅವರಿಗೆ ಗೊತ್ತಿಲ್ಲ, ನನಗೆ ಗೊತ್ತು ಅನ್ನುವ ಭಾವ ನನ್ನಲ್ಲಿತ್ತು. ಅದು ತಪ್ಪು ಅಂತ ತಿಳಿದದ್ದು ಅಪ್ಪನ ಕಥೆಯನ್ನು ಕೆಳಗಿನ ಮನೆಯ ಅಜ್ಜಿಗೆ ಹೇಳಿದ ದಿನ.

ಅಪ್ಪನ ತಿಪ್ಪೆ

ನಮ್ಮ ಅಜ್ಜಿಗೆ, ಅಂದರೆ ಅಪ್ಪನ ಅಮ್ಮನಿಗೆ, ಮೊದಲ ಎರಡು ಮಕ್ಕಳು ಉಳಿಯಲಿಲ್ಲ. ಮೂರನೆಯದು ಅಪ್ಪ. ಹುಟ್ಟಿದ ಮೂರನೇ ದಿನ ಮುಂಜಾನೆ ಕೂಸನ್ನು ಮೊರದಲ್ಲಿ ಮಲಗಿಸಿ ಮನೆ ಹಿಂದಿನ ತಿಪ್ಪೆಯ ಮೇಲೆ ಇಟ್ಟು ಬಂದರಂತೆ. ತಿರುಗಿ ನೋಡದೆ ಬರಬೇಕು. ಇದು ನನ್ನ ಮಗು ಅಲ್ಲ, ಯಾರಿಗೂ ಬೇಡದ್ದು ಅಂತ ಸಾವಿಗೆ ಅನ್ನಿಸಬೇಕು. ಆಮೇಲೆ ಪಕ್ಕದ ಮನೆಯವಳು ಹೋಗಿ, ಅಯ್ಯೋ ಯಾರದೋ ಕೂಸು ಸಿಕ್ಕಿತು ಅಂತ ಎತ್ತಿಕೊಂಡು ಬರುತ್ತಾಳೆ. ಹೆತ್ತವಳು ಒಂದು ಹಿಡಿ ತೌಡು ಕೊಟ್ಟು ಅವಳಿಂದ ಕೊಂಡುಕೊಳ್ಳುತ್ತಾಳೆ. ಅದಕ್ಕೇ ತಿಪ್ಪೇಸ್ವಾಮಿ. ನಮ್ಮ ಕಡೆ ತಿಪ್ಪಯ್ಯ, ತಿಪ್ಪಮ್ಮ ಮನೆಮನೆಗೂ ಇದ್ದಾರೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಭಕ್ತಿಯಿಂದ ಇಟ್ಟವರೂ ಬಹಳ. ನಮ್ಮ ಮನೆಯಲ್ಲಿ ಎರಡೂ ಸೇರಿತ್ತು. ಅಜ್ಜಿ ಈ ಕಥೆ ಹೇಳುವಾಗ ಒಂದು ಕಡೆ ಯಾವಾಗಲೂ ನಿಲ್ಲಿಸುತ್ತಿದ್ದಳು. "ತಿರುಗಿ ನೋಡ್ಬಾರ್ದು ಅಂದ್ರು. ನಾನು ನೋಡ್ದೆ ಕಣಪ್ಪ" ಅನ್ನುತ್ತಿದ್ದಳು. ಅರವತ್ತು ವರ್ಷ ಆದ ಮೇಲೂ ಆ ನೋಡಿದ್ದಕ್ಕೆ ಅವಳಿಗೆ ಹೆದರಿಕೆ ಇತ್ತು.

ಕೆಳಗಿನ ಮನೆಯ ಅಜ್ಜಿ ಇದನ್ನು ಕೊನೆತನಕ ಕೇಳಿದರು. ನನ್ನ ಇಟಾಲಿಯನ್ನಿನಲ್ಲಿ ತೌಡು ಅನ್ನುವುದಕ್ಕೆ ಪದ ಸಿಗದೆ ಕೈಯಲ್ಲಿ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು. "ನಿಮ್ಮವರು ವಾಪಸ್ ತಗೊಳ್ಳೋಕೆ ಅಂತ ಇಟ್ಟರು. ನಮ್ಮವರೂ ಹಾಗೇ ಅಂದುಕೊಂಡೇ ಇಟ್ಟಿರ್ತಾರೆ." ಆಮೇಲೆ ತಾವಾಗಿಯೇ ಹೇಳಿದರು. ಪ್ರೊಯೆತ್ತಿ ಅಂದರೆ ಏನು ಅಂತ ಅವರಿಗೆ ಚೆನ್ನಾಗಿ ಗೊತ್ತು. ಅತ್ತೆಗೂ ಗೊತ್ತಿತ್ತು. ಶಾಲೆಯಲ್ಲಿ ಯಾರೋ ಅಂದದ್ದಕ್ಕೆ ಅತ್ತೆ ಚಿಕ್ಕವಳಿದ್ದಾಗ ಅತ್ತುಕೊಂಡು ಮನೆಗೆ ಬಂದಿದ್ದಳಂತೆ. ಅವಳ ಅಪ್ಪ, ಈ ಹೆಸರಿನಲ್ಲಿ ನಾನು ಹೊಲ ಕೊಂಡಿದ್ದೇನೆ, ಇದು ನನ್ನ ಹೆಸರು ಅಂದನಂತೆ. ಅಷ್ಟೇ ಮಾತು. ಆಮೇಲೆ ಆ ಮನೆಯಲ್ಲಿ ಯಾರೂ ಅದನ್ನು ಎತ್ತಲಿಲ್ಲ. ಮರೆತಿರಲಿಲ್ಲ. ಹೊಲದ ಪತ್ರ, ಮದುವೆಯ ಕಾಗದ, ರೊಟ್ಟಿಯ ಹದ ಎಲ್ಲ ಒಂದೊಂದಾಗಿ ಆ ಪದದ ಮೇಲೆ ಹಾಕುತ್ತಾ ಬಂದಿದ್ದರು, ಅಡಿಯಲ್ಲಿದ್ದದ್ದು ಚುಚ್ಚದಿರುವ ತನಕ. ನಾನು ಆ ಚುನಾವಣೆಯ ಸಂಜೆ ಕೇಳಿದ ಪ್ರಶ್ನೆಗೆ ನಾಚಿಕೆಯಾಯಿತು. ಅವರ ಉತ್ತರ ಆವತ್ತೇ ಪೂರ್ತಿಯಾಗಿತ್ತು. ನಮ್ಮ ಅತ್ತೆ ಪ್ರೊಯೆತ್ತಿ.

ಮಗಳು ಇಲ್ಲೇ ಹುಟ್ಟಿದವಳು. ಕಾಗದದಲ್ಲಿ ಅವಳ ಸರ್‌ನೇಮೂ ತಿಪ್ಪೇಸ್ವಾಮಿ. ತಾತನ ಹೆಸರು ನಮ್ಮಲ್ಲಿ ಮೊಮ್ಮಗನಿಗೆ ಬರುವುದು ಹೊಸದಲ್ಲ, ಆದರೆ ಹೀಗೆ ಹಿಂದಿನಿಂದ ಬಂದು ನಿಂತದ್ದು ಹೊಸದು. ಅವಳ ಸಂಖ್ಯೆಯೂ ಟಿ, ಪಿ, ಪಿ ಅಂತಲೇ ಶುರು. ಶಿಶುವಿಹಾರದಲ್ಲಿ ಪ್ರತಿ ಮಗುವಿಗೂ ಕೋಟು ನೇತುಹಾಕಲು ಒಂದು ಗೂಟ, ಗೂಟದ ಮೇಲೆ ಒಂದು ಚಿತ್ರ. ಓದಲು ಬಾರದ ಮಕ್ಕಳು ಚಿತ್ರ ನೋಡಿ ತಮ್ಮದು ಯಾವುದು ಅಂತ ಹಿಡಿಯುತ್ತಾರೆ. ಇವಳದು ಚೆರ್ರಿ ಹಣ್ಣು. ಈ ವರ್ಷ ಅದರ ಕೆಳಗೆ ಹೆಸರನ್ನೂ ಬರೆದಿದ್ದಾರೆ, ಅಕ್ಷರ ಕಲಿಯಲಿ ಅಂತ. ಒಂದು ಸಂಜೆ ಅಡುಗೆಮನೆಯ ಮೇಜಿನ ಮೇಲೆ ಕೂತು ಅದನ್ನೇ ಬರೆಯುತ್ತಿದ್ದಳು. ಎರಡು ಪಿ ಬರೆದು ನಿಲ್ಲಿಸಿ, "ಅಪ್ಪಾ, ತಿಪ್ಪೆ ಅಂದ್ರೆ ಏನು?" ಅಂದಳು. ನಾನು ಒಂದು ಕ್ಷಣ ಯೋಚಿಸಿದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಗೊಬ್ಬರ, ಮೊರ, ತೌಡು, ಮುಂಜಾನೆ, ತಿರುಗಿ ನೋಡಿದ ಅಜ್ಜಿ, ಎಲ್ಲ ಹೇಳಿದೆ. ಅವಳಿಗೆ ಸಾವು ಬೇಕಾಗಲಿಲ್ಲ. ಎತ್ತಿಕೊಂಡು ಬಂದವಳ ಬಗ್ಗೆಯೇ ಕೇಳಿದಳು. ಅವಳು ಬೇಗ ಬಂದಳಾ, ಓಡಿ ಬಂದಳಾ, ಚಪ್ಪಲಿ ಹಾಕಿದ್ದಳಾ. ಆಮೇಲೆ ಹಾಳೆ ತಿರುಗಿಸಿ ಚಿತ್ರ ಬರೆದಳು. ಕಂದು ಬಣ್ಣದ ಗುಡ್ಡ, ಅದರ ತುದಿಗೆ ಮೊರ, ಮೊರದಲ್ಲಿ ಮೀಸೆ ಇರುವ ಕೂಸು, ಯಾಕೆಂದರೆ ಗೋಡೆಯ ಫೋಟೋದಲ್ಲಿ ತಾತನಿಗೆ ಮೀಸೆ ಇದೆ. ಪಕ್ಕದಲ್ಲಿ ಒಂದು ಕೋಳಿ. ಹಾಳೆಯ ಇನ್ನೊಂದು ತುದಿಯಲ್ಲಿ ಆ ಪಕ್ಕದ ಮನೆಯವಳು. ಅವಳು ಇನ್ನೂ ದೂರ ಇದ್ದಾಳೆ. ಕೈ ಮಾತ್ರ ಹಾಳೆ ದಾಟಿ ಮೊರದ ತನಕ ಬಂದಿದೆ.